ಭಾವನಿಗೆ ನಾನಿಟ್ಟ ಪರೀಕ್ಷೆ

ನಮ್ಮ ಭಾವನ ಎಡಗೆನ್ನೆ ಯಾವಾಗಲೂ ಉಬ್ಬಿಕೊಂಡಿರುತ್ತಿತ್ತು. ಬ್ರೌನ್ ಶುಗರ್ ಚಟ ಬಿಡಿಸುವ ಕೇಂದ್ರದಲ್ಲಿ ನಾಲ್ಕು ತಿಂಗಳಿದ್ದು ಬಂದಮೇಲೆ ಬಾಯಲ್ಲಿ ಸದಾ ಒಂದು ಪೆಪ್ಪರ್‌ಮಿಂಟ್, ಟೀಗೆ ನಾಲ್ಕು ಚಮಚ ಸಕ್ಕರೆ. ಬೆಳಿಗ್ಗೆ ಐದಕ್ಕೇ ಎದ್ದು ಜೋಗುಪಾಳ್ಯದ ನಮ್ಮ ಗಲ್ಲಿಯನ್ನು ಪೂರ್ತಿ ಗುಡಿಸುತ್ತಿದ್ದ. ಅಕ್ಕಪಕ್ಕದವರು ಹೊಗಳಿದಷ್ಟೂ ನನಗೆ ಮೈ ಉರಿಯುತ್ತಿತ್ತು. ಅಕ್ಕನ ತಾಳಿ ಮಾರಿ ಸೇದಿದವನು ಪೊರಕೆ ಹಿಡಿದ ಮಾತ್ರಕ್ಕೆ ಸಾಧುವಾಗಿಬಿಡುತ್ತಾನೆಯೇ?

ಮಹಡಿಯ ಕೋಣೆ ಕೊಟ್ಟು ಷರತ್ತು ಹಾಕಿದೆ. ಒಂದು ವರ್ಷ ಪ್ರತಿ ಭಾನುವಾರ ಮೂತ್ರಪರೀಕ್ಷೆ. ಎಲ್ಲದರಲ್ಲೂ ಪಾಸಾದರೆ ಮಾತ್ರ ಅಕ್ಕನನ್ನು ಅವನ ಜೊತೆ ಕಳಿಸುವುದು. ಪರೀಕ್ಷೆಯ ಪಟ್ಟಿಗಳನ್ನು ಮೆಡಿಕಲ್ ಶಾಪಿನಿಂದ ನಾನೇ ತರುತ್ತಿದ್ದೆ. ಬಚ್ಚಲಿನ ಬಾಗಿಲು ತೆರೆದಿಡಿಸಿ ಕಾವಲು ನಿಲ್ಲುತ್ತಿದ್ದೆ. ಅವನು ಒಂದು ದಿನವೂ ಎದುರಾಡಲಿಲ್ಲ. "ನಾಳೆ ವಿಷ್ಯ ನಂಗೊತ್ತಿಲ್ಲಪ್ಪ, ಇವತ್ತಂತೂ ಮುಟ್ಟಿಲ್ಲ," ಎಂದು ಲೋಟ ಕೊಡುತ್ತಿದ್ದ. ಆ ತಾಳ್ಮೆಯೂ ನನಗೆ ನಾಟಕದಂತೆಯೇ ಕಾಣುತ್ತಿತ್ತು.

ಕೊನೆಯ ಭಾನುವಾರದ ಹಿಂದಿನ ದಿನ ಅಮ್ಮ ಸಂತೋಷಕ್ಕೆ ಗಸಗಸೆ ಪಾಯಸ ಮಾಡಿದಳು. ಭಾವ ಎರಡು ಲೋಟ ಕುಡಿದ, ನಾನೂ ಎರಡು ಕುಡಿದೆ. ಕೆ.ಆರ್. ಪುರದಲ್ಲಿ ಅವನು ಹಿಡಿದಿದ್ದ ಬಾಡಿಗೆ ಮನೆಗೆ ಹೊರಡಲು ಅಕ್ಕ ಸೂಟ್‌ಕೇಸ್ ತುಂಬಿಟ್ಟಿದ್ದಳು.

ಬೆಳಿಗ್ಗೆ ಪಟ್ಟಿ ನೋಡಿದರೆ ಫೇಲು.

ಅವನ ಮುಖ ಬಿಳಿಚಿಕೊಂಡಿತು. "ಗಸಗಸೆ ತಿಂದ್ರೂ ಹಿಂಗೆ ಬರತ್ತೆ ಅಂತ ಸೆಂಟರ್‌ನಲ್ಲಿ ಹೇಳಿದ್ರು. ಮರ್ತೇಬಿಟ್ಟೆ. ನೀನೂ ಕುಡ್ದಿದ್ಯಲ್ಲಪ್ಪ, ನಿಂದೂ ನೋಡ್ಬಿಡು."

"ನೆಪ ಹೇಳೋಕೂ ಒಂದು ಮಿತಿ ಬೇಡ್ವಾ?" ಎಂದು ಅಕ್ಕನ ಎದುರಿಗೇ ನಕ್ಕೆ. ಅಕ್ಕ ಸೂಟ್‌ಕೇಸನ್ನು ಒಳಗೆ ಎಳೆದುಕೊಂಡು ಹೋದಳು. ಅವನು ಒಬ್ಬನೇ ಮೆಟ್ಟಿಲಿಳಿದು ಹೋದ.

ಮಧ್ಯಾಹ್ನ ಬಚ್ಚಲಿಗೆ ಹೋಗಿ ನನ್ನದನ್ನು ಪರೀಕ್ಷಿಸಿದೆ. ನಾನೂ ಫೇಲಾಗಿದ್ದೆ. ಪಟ್ಟಿಯನ್ನು ಪೇಪರಿನಲ್ಲಿ ಸುತ್ತಿ ಹಲಸೂರು ಕೆರೆಯವರೆಗೂ ನಡೆದುಹೋಗಿ ಅಲ್ಲಿನ ಕಸದ ತೊಟ್ಟಿಗೆ ಹಾಕಿ ಬಂದೆ. ಒಂದು ಫೋನ್ ಮಾಡಿದ್ದರೆ ಸಾಕಿತ್ತು. ಅವನ ಮುಂದೆ ಸೋಲಲು ನನಗೆ ಮನಸ್ಸಾಗಲಿಲ್ಲ.

ನಾಲ್ಕು ವರ್ಷ ಅವನು ಕೆ.ಆರ್. ಪುರದಲ್ಲಿ ಒಬ್ಬನೇ ಇದ್ದು ಬೇಕರಿಯಲ್ಲಿ ದುಡಿದ. ಕಳೆದ ವರ್ಷ ಡೆಂಗಿ ಜ್ವರದಲ್ಲಿ ಹೋಗಿಬಿಟ್ಟ. ಮಣ್ಣಿಗೆ ಬಂದ ಬೇಕರಿ ಮಾಲೀಕರು, "ಒಂದು ಬೀಡಿನೂ ಸೇದ್ತಿರ್ಲಿಲ್ಲ ಸಾರ್," ಎಂದು ಕಣ್ಣೊರೆಸಿಕೊಂಡರು.

ಮನೆಗೆ ಬಂದಮೇಲೆ ಅಕ್ಕ ನನ್ನ ಕೈ ಹಿಡಿದುಕೊಂಡಳು. "ಅವತ್ತು ನೀನು ಕಂಡುಹಿಡೀದೇ ಇದ್ದಿದ್ರೆ ಅವ್ರು ಸರಿಹೋಗ್ತಾನೇ ಇರ್ಲಿಲ್ಲ ಕಣೋ. ಎಲ್ಲಾ ನಿನ್ನಿಂದಾನೇ."

ನಾನು ಹೌದೆಂದು ತಲೆಯಾಡಿಸಿದೆ.