ಅನಿಷಾಳಿಗೆ ತಂದ ಹಳೆಯ ಪುಸ್ತಕ

ಮೂಡುಬಿದಿರೆಯ ನಮ್ಮ ಬೀದಿಯ ಬಸದಿಯನ್ನು ನೋಡಿಕೊಳ್ಳುವ ಯಶೋಧಕ್ಕನ ಮನೆಯಲ್ಲಿ ಪುಸ್ತಕ ಹಳತಾದಷ್ಟೂ ಅದಕ್ಕೆ ಮರ್ಯಾದೆ ಹೆಚ್ಚು. ಪ್ರತಿ ಶ್ರುತಪಂಚಮಿಗೂ ಅಜ್ಜನ ಕಾಲದ ಗ್ರಂಥಗಳ ಧೂಳು ಒರೆಸಿ, ಹೊಸ ಬಟ್ಟೆ ಸುತ್ತಿ, ಪೂಜೆ ಮಾಡುತ್ತಾರೆ. ನಾನು ಕಾಲೇಜಿನಲ್ಲಿ ಕಂಪ್ಯೂಟರ್ ಕಲಿಸುವವಳು. ನನ್ನ ವಿದ್ಯೆಯ ಪುಸ್ತಕಗಳು ಹಾಲಿನ ಹಾಗೆ, ಬೇಗ ಕೆಡುತ್ತವೆ. ಅದು ಅವರಿಗೆ ಹೇಗೆ ಗೊತ್ತಾಗಬೇಕು?

ಅವರ ಒಬ್ಬಳೇ ಮಗಳು ಅನಿಷಾ ನನ್ನ ವಿದ್ಯಾರ್ಥಿನಿ. ಕಿಡ್ನಿ ಕೈಕೊಟ್ಟ ಮೇಲೆ ಕಾಲೇಜು ಬಿಟ್ಟಳು. ಡಯಾಲಿಸಿಸ್‌ಗೆಂದು ಅಮ್ಮ, ಮಗಳು ಬಸ್ಸಿನಲ್ಲಿ ಬಂಟ್ವಾಳಕ್ಕೆ ಹೋಗಿ ಬರುತ್ತಿದ್ದರು. ಆಸ್ಪತ್ರೆಯ ಹಾಸಿಗೆಯಲ್ಲಿ ಫ್ಯಾನ್ ನೋಡಿ ನೋಡಿ ಬೇಜಾರಾಗಿ, ವೆಬ್ ಪುಟಗಳಿಗೆ ಬಳಸುವ ಜಾವಾಸ್ಕ್ರಿಪ್ಟ್ ಕಲಿಯಲು ಒಂದು ಪುಸ್ತಕ ಬೇಕೆಂದಳು. ಯಶೋಧಕ್ಕ ನನ್ನನ್ನು ಕೇಳಿದರು. ಅಚ್ಚಾದ ವರ್ಷ ಮೊದಲು ನೋಡಿ, ತೆಳ್ಳಗಿನದೇ ಸಾಕು, ಪಾಠಕ್ಕೊಂದು ಮಾಡಿ ನೋಡುವ ಅಭ್ಯಾಸ ಇರಲಿ ಎಂದೆ. ಅವರು ತಲೆಯಾಡಿಸಿ ಹೋದರು. ಹಳೆಯ ಪುಸ್ತಕ ಮಾರುವ ಝುಬೈರನ ಅಂಗಡಿಯಿಂದ ಇಟ್ಟಿಗೆಯಷ್ಟು ದಪ್ಪದ್ದನ್ನು ಎದೆಗವಚಿಕೊಂಡು ಬಂದರು.

"ಅಲ್ಲಿದ್ದದ್ದರಲ್ಲಿ ಇದೇ ಹಳತು, ಟೀಚರ್. ಇಷ್ಟು ವರ್ಷ ಉಳಿದದ್ದು ಅಂದ್ರೆ ಒಳ್ಳೆಯದೇ ಇರ್ಬೇಕಲ್ಲ?"

ಓಬೀರಾಯನ ಕಾಲದ್ದು. ಈಗ ಯಾರೂ ಬಳಸದ ಬ್ರೌಸರುಗಳಿಗೆ ಬರೆದದ್ದು. ನನಗೆ ಕೋಪ ಮೂಗಿನ ತುದಿಯಲ್ಲೇ ಇರುತ್ತದೆ. ಮರುದಿನವೇ ಅನಿಷಾಳ ಹತ್ತಿರ ಹೋಗಿ, ಕೊಡು ಇಲ್ಲಿ, ಬದಲಾಯಿಸಿ ತರುತ್ತೇನೆ ಎಂದೆ.

"ಬೇಡ ಮೇಡಂ. ನನಗೆ ಮೊದಲ ಪುಟದಲ್ಲೇ ಗೊತ್ತಾಯ್ತು. ಅಮ್ಮ ಆಸೆಯಿಂದ ಹುಡುಕಿ ತಂದದ್ದು. ಅವರಿಗೆ ಹೇಳ್ಬೇಡಿ."

ಹೆತ್ತವರಿಗೆ ಹೆಗ್ಗಣ ಮುದ್ದು ಎನ್ನುತ್ತಾರೆ. ಇಲ್ಲಿ ಅಮ್ಮ ತಂದ ಹೆಗ್ಗಣ ಮಗಳಿಗೆ ಮುದ್ದಾಯಿತು. ಈಗಲೂ ನಡೆಯುವುದು ಯಾವುದು, ನಡೆಯದ್ದು ಯಾವುದು ಎಂದು ನನ್ನನ್ನು ಕೇಳಿ ಕೇಳಿ, ಅದರಲ್ಲೇ ಹೆಕ್ಕಿ ಕಲಿತಳು. ಕಲಿತು, ಅಮ್ಮನ ಫೋನಿಗೆ ಒಂದು ಪುಟ ಮಾಡಿಕೊಟ್ಟಳು. ಯಶೋಧಕ್ಕ ಸೂರ್ಯ ಮುಳುಗಿದ ಮೇಲೆ ಉಣ್ಣುವವರಲ್ಲ. ಆಸ್ಪತ್ರೆಯಲ್ಲಿ ಹೊತ್ತು ಹೋದದ್ದೇ ತಿಳಿಯದೆ ಎಷ್ಟೋ ದಿನ ಉಪವಾಸ ಮಲಗುತ್ತಿದ್ದರು. ಆ ಪುಟವನ್ನು ತೆರೆದರೆ ಸಾಕು, ನೆಟ್ ಇಲ್ಲದಿದ್ದರೂ ಫೋನಿನೊಳಗೇ ಲೆಕ್ಕ ಹಾಕಿ, ಸೂರ್ಯಾಸ್ತಕ್ಕೆ ಎಷ್ಟು ಹೊತ್ತು ಉಳಿದಿದೆ ಎಂದು ತೋರಿಸುತ್ತದೆ.

ಕಳೆದ ಮಳೆಗಾಲದಲ್ಲಿ ಅನಿಷಾ ತೀರಿಕೊಂಡಳು.

ಮೊನ್ನೆ ಸಂಜೆ ಯಶೋಧಕ್ಕ ಆ ಪುಸ್ತಕ ಹಿಡಿದು ನಮ್ಮ ಮನೆಗೆ ಬಂದರು. ಕಲಿಯುವ ಮಕ್ಕಳಿಗೆ ಯಾರಿಗಾದರೂ ಕೊಡಿ ಎಂದರು. ಪಾಠಕ್ಕೆ ಬಂದಿದ್ದ ಶಬ್ನಾ ಅದನ್ನು ತೆರೆದು ನೋಡಿ, ನಾನು ಕಣ್ಸನ್ನೆ ಮಾಡುವಷ್ಟರಲ್ಲಿ ಹೇಳಿಯೇಬಿಟ್ಟಳು:

"ಇದು ತುಂಬಾ ಹಳತು ಆಂಟಿ. ಇದನ್ನು ಓದಿದ್ರೆ ಸುಮ್ಮನೆ ಟೈಮ್ ವೇಸ್ಟ್."

ಯಶೋಧಕ್ಕ ಕುರ್ಚಿ ಹುಡುಕಿ ಕುಳಿತರು.

"ಅವಳಿಗೆ ಇದ್ದದ್ದೇ ಅಷ್ಟು ಸಮಯ. ಅದನ್ನೂ ನಾನು ಹಾಳು ಮಾಡಿದೆನಾ, ಟೀಚರ್?"

ನನಗೆ ಅಳು ಬಂತು. ಬಂದರೆ ಬರಲಿ ಎಂದು ಬಿಟ್ಟೆ.

"ಹಳತೂಂತ ಅವಳಿಗೆ ಗೊತ್ತಿತ್ತು ಯಶೋಧಕ್ಕ. ಬದಲಾಯಿಸುವ ಅಂದೆ, ಬಿಡಲಿಲ್ಲ. ನಿಮ್ಮ ಫೋನಿನ ಪುಟ ಉಂಟಲ್ಲ, ಅದನ್ನು ಇದೇ ಪುಸ್ತಕ ಓದಿ ಮಾಡಿದ್ದು."

ಅವರು ಫೋನ್ ತೆಗೆದರು. ಅನಿಷಾಳ ಪುಟ ತೆರೆಯಿತು. 'ಅಮ್ಮಾ, ಇನ್ನು ಹತ್ತು ನಿಮಿಷ ಉಂಟು. ಊಟ ಮಾಡುವ.'

"ದಿನಾ ಹೀಗೆ ಕರೀತಾಳೆ," ಎಂದರು ಯಶೋಧಕ್ಕ. "ನಾನು ಇದನ್ನೇ ನೋಡ್ತಾ ಕೂತ್ಕೊಳ್ತೇನೆ. ಒಬ್ಬಳೇ ಹೇಗೆ ಉಣ್ಣುವುದು?"

ನಾನು ಅವಸರದಲ್ಲಿ ಒಳಗೆ ಹೋಗಿ ಒಂದಿಷ್ಟು ಅವಲಕ್ಕಿ ಕಲಸಿ ತಂದೆ. ಅಷ್ಟರಲ್ಲಿ ಅಂಗಳದ ಬಿಸಿಲು ಹೋಗಿತ್ತು. ಅವರ ಕೈಯಲ್ಲಿದ್ದ ಪುಟವೂ ಬದಲಾಗಿತ್ತು.

'ಹೊತ್ತು ಮುಳುಗಿತು. ನಾಳೆ ಒಟ್ಟಿಗೆ ಊಟ ಮಾಡುವ, ಅಮ್ಮಾ.'

ಯಶೋಧಕ್ಕ ಶಬ್ನಾಳ ಕೈಯಿಂದ ಪುಸ್ತಕವನ್ನು ವಾಪಸ್ ತೆಗೆದುಕೊಂಡರು. ಅಂಗಡಿಯಿಂದ ತಂದ ದಿನದ ಹಾಗೆಯೇ ಎದೆಗವಚಿಕೊಂಡು, ಅವಲಕ್ಕಿ ಮುಟ್ಟದೆ ಮನೆಗೆ ನಡೆದರು.