ಕಪಾಟಿನಲ್ಲಿ ಮಳೆಗಾಲ ಕಳೆದ ಕ್ಯಾಮೆರಾ

ಮಂಗಳೂರು ಫಳ್ನೀರಿನ ಮೂಳೆ ಡಾಕ್ಟರು ನನ್ನ ಮೊಣಕಾಲನ್ನು ಆಚೆ ಈಚೆ ಒತ್ತಿ ನೋಡಿ, ಮೆತ್ತನೆಯ ಚಪ್ಪಲಿ ಹಾಕಬೇಕು, ನಿಲ್ಲುವುದನ್ನು ಕಡಿಮೆ ಮಾಡಬೇಕು ಎಂದರು. ಅದನ್ನು ಹೇಳಲು ಡಾಕ್ಟರು ಬೇಕಿರಲಿಲ್ಲ, ಕಾಲೇ ಹೇಳುತ್ತಿತ್ತು. ಆದರೂ ಹೊರಗೆ ಬಂದು ಪಕ್ಕದ ಅಂಗಡಿಯಲ್ಲಿ ಚಪ್ಪಲಿ ಕೊಂಡೆ. ಪೆಟ್ಟಿಗೆಯ ತಳದಲ್ಲಿ ಬಿಳಿ ಕಾಗದದ ಒಂದು ಸಣ್ಣ ಪೊಟ್ಟಣ, ಅದರೊಳಗೆ ಸಾಬಕ್ಕಿಯಂಥ ಕಾಳು. ಅಂಗಡಿಯವಳು ಅದನ್ನು ಬಿಸಾಡಲು ಕೈಹಾಕಿದಳು.

"ಅದು ಇರ್ಲಿ, ಕೊಡು."

"ತಿನ್ಲಿಕ್ಕೆ ಅಲ್ಲ ಅಜ್ಜಿ ಅದು!"

"ಗೊತ್ತುಂಟು ಮಾರಾಯ್ತಿ. ಸಾಯುವ ಅಂದಾಜು ಇದ್ರೆ ಹೊಸ ಚಪ್ಪಲಿ ಯಾಕೆ ತೆಗೊಳ್ತಿದ್ದೆ?"

ಪೊಟ್ಟಣವನ್ನು ಪರ್ಸಿಗೆ ಹಾಕಿ ಕಾಟಿಪಳ್ಳದ ಬಸ್ಸು ಹತ್ತಿದೆ. ಸೀಟು ಸಿಕ್ಕಿತು. ಕೂಳೂರು ಹೊಳೆಯ ಸಂಕದ ಹತ್ತಿರ ವಾಹನಗಳ ಸಾಲಿನಲ್ಲಿ ಬಸ್ಸು ಹೇಗೂ ನಿಂತುಬಿಡುತ್ತದೆ, ಇವತ್ತೂ ನಿಂತಿತು. ನಿಮಗೂ ಬೇರೆ ಕೆಲಸವಿಲ್ಲದಿದ್ದರೆ ಈ ಪೊಟ್ಟಣದ ವಿಷಯ ಹೇಳುತ್ತೇನೆ.

ನನ್ನ ಸೊಸೆ ಸಫಿಯಾಳಿಗೆ ಅವಳ ಅಣ್ಣ ದುಬೈಯಿಂದ ಒಂದು ದೊಡ್ಡ ಕ್ಯಾಮೆರಾ ತಂದುಕೊಟ್ಟಿದ್ದ. ಕೇಳಿ ತರಿಸಿದ್ದು ಅವಳೇ. ನಮ್ಮ ಬ್ಯಾರಿಗಳ ಮದುವೆಯಲ್ಲಿ ಹೆಂಗಸರಿಗೆ ಮಹಡಿಯ ಮೇಲೆ ಬೇರೆಯೇ ಹಾಲ್. ಅಲ್ಲಿಗೆ ಗಂಡಸು ಫೋಟೋಗ್ರಾಫರ್ ಬರುವ ಹಾಗಿಲ್ಲ. ಮದುಮಗಳ ಚಿಕ್ಕಮ್ಮನ ಮಕ್ಕಳು ಫೋನಿನಲ್ಲಿ ತೆಗೆದದ್ದೇ ಫೋಟೋ. ಅದರಲ್ಲಿ ಅರ್ಧ ಜನರಿಗೆ ತಲೆ ಇಲ್ಲ, ಉಳಿದವರಿಗೆ ಕಣ್ಣು ಮುಚ್ಚಿರುತ್ತದೆ.

"ಹೆಂಗಸರ ಕಡೆಗೆ ಹೆಂಗಸೇ ಬೇಕು ಉಮ್ಮ. ನಮ್ಮಲ್ಲಿ ಯಾರಿದ್ದಾರೆ ಹೇಳಿ?" ಎಂದಳು ಸಫಿಯಾ.

ನನ್ನ ಮಗ ಅಶ್ರಫ್ ಟ್ಯಾಂಕರ್ ಓಡಿಸುವವನು. ಅವನ ಮಾತೂ ಟ್ಯಾಂಕರಿನ ಹಾಗೆಯೇ, ಬದಿಗೆ ಸರಿಯುವುದಿಲ್ಲ. "ಒಂದು ಮದುವೆ ನೋಡುವ. ಸರಿಯಾಗದಿದ್ರೆ ಮಾರಿಬಿಡುದು. ಮತ್ತೆ ಕ್ಯಾಮೆರಾ ಅಂತ ಬಾಯಿ ತೆರೀಬಾರ್ದು" ಎಂದ. ಅವಳು ಒಪ್ಪಿದಳು.

ನಾನು ಆಗ ಚಾಪೆಯ ಮೇಲೆ ಬೀಡಿ ಕಟ್ಟುತ್ತಾ ಕುಳಿತಿದ್ದೆ. ಶಾಲೆ ಬಿಟ್ಟ ಮೇಲೆ ನಾನು ಮಾಡಿದ್ದು ಅದೊಂದೇ. ಶಾಲೆ ಎಂದರೂ ಮೂರನೇ ಕ್ಲಾಸು. ಇಷ್ಟು ಕನ್ನಡ ಬರೆಯಲು ಬರುವುದೇ ಹೆಚ್ಚು. ನಮ್ಮ ಬೀದಿಯಲ್ಲಿ ಅತ್ತೆಯ ಮಡಿಲಿನಿಂದ ಇಳಿದ ಬೀಡಿಯ ಗೆರಸೆ ಎಲ್ಲಿಗೂ ಹೋಗುವುದಿಲ್ಲ, ನೇರ ಸೊಸೆಯ ಮಡಿಲಿಗೆ ಏರುತ್ತದೆ. ಅದರೊಡನೆ ಬೆನ್ನುನೋವು, ಕೆಮ್ಮು, ಹೊಗೆಸೊಪ್ಪಿನ ವಾಸನೆ. ಸಫಿಯಾ ಬೀಡಿ ಕಟ್ಟಲು ಕಲಿತಿದ್ದಳು. ಕೆಟ್ಟದಾಗಿ ಕಟ್ಟುತ್ತಿದ್ದಳು. ಕ್ಯಾಮೆರಾ ಕೈಕೊಟ್ಟರೆ ಅದನ್ನೇ ಚೆನ್ನಾಗಿ ಕಲಿಯಬೇಕಾಗುತ್ತದೆ ಎಂದು ನಮ್ಮಿಬ್ಬರಿಗೂ ಗೊತ್ತಿತ್ತು.

ಕ್ಯಾಮೆರಾಕ್ಕೆ ಬೇಕಾದ ಸಾಮಾನು ತರಲು ಇಬ್ಬರೂ ಪೇಟೆಗೆ ಹೋದೆವು. ಅಂಗಡಿಯವರು ಬಳೆ ಮಾರುವವರ ಹಾಗೆ ಒಂದರ ಮೇಲೊಂದು ಹರಡಿದರು. ಬೆನ್ನಿಗೆ ಹಾಕುವ ಬ್ಯಾಗು, ಮೂರು ಕಾಲಿನ ಸ್ಟ್ಯಾಂಡು, ಫ್ಲ್ಯಾಶ್, ಗಾಜಿನ ಮೇಲೆ ಹಾಕುವ ಇನ್ನೊಂದು ಗಾಜು, ಗಾಜು ಒರೆಸುವ ಬಟ್ಟೆ, ಆ ಬಟ್ಟೆ ಇಡಲು ಒಂದು ಚೀಲ.

"ನಾವು ಮದುಮಗಳಿಗೂ ಇಷ್ಟು ಕೊಡುದಿಲ್ಲ" ಎಂದೆ.

ಸಫಿಯಾ ಫೋನಿನಲ್ಲಿ ವೀಡಿಯೋ ನೋಡಿ ಕಲಿತುಕೊಂಡೇ ಬಂದಿದ್ದಳು. ಮೊದಲು ಇನ್ನೊಂದು ಬ್ಯಾಟರಿ, ಒಳ್ಳೆಯ ಕಾರ್ಡು, ಫ್ಲ್ಯಾಶ್. ಉಳಿದದ್ದು ಆಮೇಲೆ ಎಂದಳು. ಲೆನ್ಸಿನ ಮೂತಿಗೆ ಹಾಕುವ ಕರಿ ಬಳೆಯೊಂದನ್ನು, ಅದಕ್ಕೆ ಹುಡ್ ಎನ್ನುತ್ತಾರೆ, ಅಂಗಡಿಯವರು ತೋರಿಸಿದರು. ಅಡ್ಡದಿಂದ ಬೆಳಕು ಬೀಳದ ಹಾಗೆ ತಡೆಯುತ್ತದಂತೆ. ಬೇಡವೆಂದಳು. ಕೊನೆಗೆ ಮುಚ್ಚಳ ಬಿಗಿಯಾದ ಒಂದು ಡಬ್ಬಿ, ಅದರೊಳಗೆ ತೇವ ಹೀರುವ ಈ ಕಾಳಿನ ಪೊಟ್ಟಣಗಳು.

"ನಮ್ಮ ಊರಿನ ಮಳೆಗೆ ಇದೊಂದು ಬೇಕೇ ಬೇಕು ನೋಡಿ."

"ಮನೆಯಲ್ಲಿ ಕಪಾಟು ಉಂಟು" ಎಂದಳು ಸಫಿಯಾ. ಅವರು ಎರಡನೆಯ ಸಲ ಹೇಳಲಿಲ್ಲ.

ನಮ್ಮ ಮನೆಗಳ ಸ್ಟೀಲ್ ಕಪಾಟಿನ ಬಗ್ಗೆ ನಿಮಗೆ ಹೇಳಬೇಕು. ಗಲ್ಫಿನಿಂದ ಬಂದದ್ದೆಲ್ಲ ಅದರೊಳಗೆ. ಸೆಂಟು, ಟಾರ್ಚು, ಹುಲಿಯ ಚಿತ್ರದ ಕಂಬಳಿ. ಬೆಲೆ ಹೆಚ್ಚಾದಷ್ಟೂ ಒಳಕ್ಕೆ. ನಡುವೆ ನುಸಿಗುಳಿಗೆ. ಅಶ್ರಫನ ಮದುವೆಗೆ ಬಂದ ಸೆಂಟಿನ ಬಾಟಲಿ ಯಾರ ಕಂಕುಳನ್ನೂ ಕಾಣದೆ ಅಲ್ಲಿಯೇ ಆರಿಹೋಯಿತು. ಹುಲಿಯ ಕಂಬಳಿ ಹೊದೆಯುವಷ್ಟು ಚಳಿ ಈ ಊರಿಗೆ ಬರಲೇ ಇಲ್ಲ.

ಮಳೆ ಹಿಡಿಯುವವರೆಗೆ ಸಫಿಯಾ ಕೋಳಿಯ ಫೋಟೋ, ತೆಂಗಿನ ಗರಿಯ ಫೋಟೋ, ನನ್ನ ಬೀಡಿ ಬೆರಳಿನ ಫೋಟೋ ತೆಗೆದು ಕೈ ಪಳಗಿಸಿಕೊಂಡಳು. ಮಳೆ ಹಿಡಿದದ್ದೇ ಕ್ಯಾಮೆರಾವನ್ನು ಮಖಮಲ್ಲಿನ ಶಾಲಿನಲ್ಲಿ ಸುತ್ತಿ, ಹುಲಿಯ ಕಂಬಳಿಯೊಳಗೆ ಮಲಗಿಸಿ, ಕಪಾಟಿಗೆ ಬೀಗ ಹಾಕಿದಳು. ಹೆತ್ತ ಮಗುವನ್ನೂ ಯಾರೂ ಅಷ್ಟು ಬೆಚ್ಚಗೆ ಇಡುವುದಿಲ್ಲ.

ಮಳೆ ಬಿಟ್ಟ ಮೇಲೆ ಪಕ್ಕದ ಮನೆಯ ಐಸಮ್ಮನ ದೊಡ್ಡ ಮಗಳಿಗೆ ಮದುವೆ. ಹೆಂಗಸರ ಕಡೆಯ ಫೋಟೋ ಸಫಿಯಾಳದ್ದೇ ಎಂದು ಮಾತಾಯಿತು. ಮದುವೆಯ ಹಿಂದಿನ ದಿನ ಅವಳು ಕಂಬಳಿ ಬಿಚ್ಚಿದಳು. ಲೆನ್ಸಿನೊಳಗೆ ಜೇಡನ ಬಲೆಯಂಥದ್ದು ಬೆಳ್ಳಗೆ ಹರಡಿತ್ತು. ಒರೆಸಿದಳು, ಊದಿದಳು. ಹೊರಗಿದ್ದರಲ್ಲವೇ ಹೋಗುವುದು? ನಮ್ಮ ಊರಿನಲ್ಲಿ ಚಪ್ಪಲಿಗೆ, ಬೆಲ್ಟಿಗೆ, ಉಪ್ಪಿನಕಾಯಿಗೆ ಬೂಷ್ಟು ಹಿಡಿಯುವುದನ್ನು ಕಂಡಿದ್ದೇವೆ. ಗಾಜಿಗೂ ಹಿಡಿಯುತ್ತದೆಂದು ಯಾರು ಕಂಡರು? ನುಸಿಗುಳಿಗೆ ನುಸಿಯನ್ನು ಓಡಿಸುತ್ತದೆ, ತೇವಕ್ಕೆ ಅದರ ಹೆದರಿಕೆ ಇಲ್ಲ.

ಅಂಗಡಿಯವರು ಫೋನಿನಲ್ಲಿ, "ಬಿಚ್ಚಿ ಕ್ಲೀನ್ ಮಾಡ್ಲಿಕ್ಕೆ ಕಳಿಸ್ಬೇಕು, ನಾಳೆಗೆಲ್ಲ ಆಗುದಿಲ್ಲ. ಅಡ್ಡದಿಂದ ಬೆಳಕು ಬಿದ್ರೆ ಎಲ್ಲ ಬಿಳಿ ಬಿಳಿ ಬರ್ತದೆ, ನೋಡಿಕೊಳ್ಳಿ" ಎಂದರಂತೆ.

ಸಫಿಯಾ ಅಳಲಿಲ್ಲ. ಅಳುವವಳಲ್ಲ. "ಆಗುದಿಲ್ಲ ಅಂತ ಐಸಮ್ಮನಿಗೆ ಹೇಳಿ ಬರ್ತೇನೆ ಉಮ್ಮ" ಎಂದಳು.

"ಹೇಳಿ ಬಂದು ಎಂತ ಮಾಡ್ತಿ? ಇಗೋ, ಗೆರಸೆ ಇಲ್ಲೇ ಉಂಟು."

ನನ್ನನ್ನು ನುಂಗುವ ಹಾಗೆ ನೋಡಿದಳು. ಆದರೆ ಹೋಗಲಿಲ್ಲ. ಕುರ್ಚಿಯ ಮೇಲೆ ಒಂದು ತಂಬಿಗೆ ಇಟ್ಟು, ಪಕ್ಕದಲ್ಲಿ ಲೈಟು ಉರಿಸಿ, ಫೋಟೋ ತೆಗೆಯುತ್ತಾ ಕುಳಿತಳು. ಎಲ್ಲವೂ ಗಂಜಿ ತಿಳಿ ಚೆಲ್ಲಿದ ಹಾಗೆ ಬಿಳಿ. ನಾನು ಕಟ್ಟಿದ ಬೀಡಿ ಒಪ್ಪಿಸಿ ಬರಲು ಬುರ್ಖಾ ಹಾಕಿಕೊಂಡು ಅವಳ ಬದಿಯಿಂದ ಹೊರಟೆ.

"ಉಮ್ಮ, ಅಲ್ಲೇ ನಿಲ್ಲಿ!"

"ಬೀಡಿ ಕೊಡ್ಲಿಕ್ಕೆ ಹೊತ್ತಾಯ್ತು."

"ಬೀಡಿ ಸಾಯ್ಲಿ, ಕೈ ಎತ್ತಿ! ಲೈಟಿಗೆ ಅಡ್ಡ. ಇನ್ನೂ ಮೇಲೆ!"

ನನ್ನ ಬುರ್ಖಾದ ಅಗಲ ತೋಳಿನ ನೆರಳು ಲೆನ್ಸಿನ ಮೇಲೆ ಬಿದ್ದದ್ದೇ ತಂಬಿಗೆ ತಂಬಿಗೆಯಾಗಿ ಕಂಡಿತು. ಅಂಗಡಿಯವರು ತೋರಿಸಿದ್ದ ಹುಡ್ ನಾನೇ ಆದೆ.

ಮರುದಿನ ಹಾಲ್. ಮೇಲಿನ ಮಹಡಿಯಲ್ಲಿ ಎಲ್ಲ ಹೆಂಗಸರೂ ಬುರ್ಖಾ ಕಳಚಿಟ್ಟು ಜರಿಯಲ್ಲಿ ಮಿಂಚುತ್ತಿದ್ದರು. ನಾನೊಬ್ಬಳೇ ಕರಿ, ಸ್ಟೇಜಿನ ಹತ್ತಿರ ಕೈ ಚಾಚಿ ನಿಂತಿದ್ದೆ. ಸ್ಟೇಜಿನ ಮೂಲೆಯ ಲೈಟುಗಳು ಬೇಕರಿಯ ಒಲೆಯ ಹಾಗೆ ಸುಡುತ್ತಿದ್ದವು.

"ಎಂತ ಅಜ್ಜಿ, ಕಾಗೆ ಓಡಿಸುದಾ?" ಎಂದಳು ಐಸಮ್ಮನ ತಂಗಿ.

"ನಿನ್ನನ್ನೇ ಓಡಿಸುದು. ಆಚೆ ಹೋಗು, ನಿನ್ನ ಸೀರೆ ಹೊಳೀತದೆ."

ಯಾರೋ ಒಬ್ಬಳು ಚಾಚಿದ ಕೈ ಕಂಡು ಅದರಲ್ಲೊಂದು ಖರ್ಜೂರ ಇಟ್ಟು ಹೋದಳು. ತಿಂದೆ. ಬಲಗೈ ಮರಗಟ್ಟಿದಾಗ ಎಡಗೈ. "ಸ್ವಲ್ಪ ಕೆಳಗೆ ಉಮ್ಮ, ಈಗ ಮೇಲೆ" ಎಂದು ಸಫಿಯಾ ಹೇಳುತ್ತಲೇ ಇದ್ದಳು. ಬಿರಿಯಾನಿ ತಣ್ಣಗಾದ ಮೇಲೆ ಸಿಕ್ಕಿತು. ತುತ್ತು ಎತ್ತಲು ತೋಳು ಏಳಲಿಲ್ಲ.

ಫೋಟೋ ನೋಡಲು ಐಸಮ್ಮ ನಮ್ಮ ಮನೆಗೆ ಬಂದಳು. ತೀರ್ಪು ಹೇಳಬೇಕಾದ ಅಶ್ರಫ್ ಅಂಗಳದಲ್ಲಿ ನಿಂತಿದ್ದ. ಹೆಂಗಸರ ಫೋಟೋ, ಅವನು ನೋಡುವ ಹಾಗಿರಲಿಲ್ಲ. ಅದನ್ನು ಅವನು ಮೊದಲು ಯೋಚಿಸಿರಲಿಲ್ಲ. ಐಸಮ್ಮ ಒಂದೊಂದಾಗಿ ನೋಡಿದಳು. ಸುಮಾರು ಫೋಟೋಗಳ ಅಂಚಿನಲ್ಲಿ ಒಂದು ಕಪ್ಪು ಪಟ್ಟಿ.

"ಇದೆಂತ, ಕರಿ?"

"ಉಮ್ಮನ ತೋಳು" ಎಂದಳು ಸಫಿಯಾ. ಸುಳ್ಳು ಹೇಳಬಹುದಿತ್ತು.

ಐಸಮ್ಮ ಮತ್ತೆ ಮೊದಲಿನಿಂದ ನೋಡಿದಳು. ಮಗಳ ಮುಖದ ಮೇಲೆ ಬೆರಳಿಟ್ಟು ದೊಡ್ಡದು ಮಾಡಿದಳು. "ಇರ್ಲಿ. ಮುಖ ಮುಖದ ಹಾಗೆ ಬಂದಿದೆ. ತಂಗಿಯ ಮಗಳದ್ದೂ ಉಂಟು, ಅದಕ್ಕೂ ಬನ್ನಿ. ಇಬ್ಬರೂ."

"ಹೇಗಿದೆ?" ಎಂದು ಅಂಗಳದಿಂದ ಅಶ್ರಫ್.

"ನಿನಗೆ ತೋರಿಸ್ಲಿಕ್ಕೆ ಇಲ್ಲ. ಒಳ್ಳೆದುಂಟು ಅಂದ್ರೆ ಒಳ್ಳೆದುಂಟು" ಎಂದಳು ಐಸಮ್ಮ. ಅವನು ಟ್ಯಾಂಕರ್ ಹತ್ತಿ ಹೋದ. ಮಾರುವ ಮಾತು ಮತ್ತೆ ಬರಲಿಲ್ಲ.

ಆಮೇಲೆ ಲೆನ್ಸ್ ಕ್ಲೀನಾಯಿತು, ಹೊಸ ಲೆನ್ಸ್ ಬಂತು, ಹುಡ್ ಬಂತು, ಡಬ್ಬಿಯೂ ಬಂತು. ಪೊಟ್ಟಣ ಎಲ್ಲಿ ಕಂಡರೂ ಎತ್ತಿಕೊಳ್ಳುವುದು ನನಗೆ ಚಾಳಿಯಾಯಿತು. ಗೆರಸೆ ಅಟ್ಟಕ್ಕೆ ಹೋಯಿತು. ನಾನು ಮಾತ್ರ ಮದುವೆಯಿಂದ ಮದುವೆಗೆ ಹೋಗಿ ಕೈ ಚಾಚಿ ನಿಂತೆ. ಈಗಿನ ಲೈಟುಗಳು ಇನ್ನೂ ದೊಡ್ಡವು, ಹುಡ್ ಸಾಲದು ಎನ್ನುತ್ತಿದ್ದಳು ಸಫಿಯಾ. ನಾನಿಲ್ಲದಿದ್ದರೆ ಅವಳಿಗೆ ನಡೆಯುವುದಿಲ್ಲ ಎಂದುಕೊಂಡಿದ್ದೆ.

ಬಸ್ಸು ಸಂಕ ದಾಟಿತು. ಇನ್ನು ಮದುವೆಗೆ ಬರುವುದಿಲ್ಲ ಎಂದು ಸಫಿಯಾಳಿಗೆ ಹೇಗೆ ಹೇಳುವುದೆಂದು ದಾರಿಯುದ್ದಕ್ಕೂ ಯೋಚಿಸಿದೆ. ಮನೆಗೆ ಬಂದಾಗ ಅವಳು ನಾಳೆಯ ಮದುವೆಗೆ ಬ್ಯಾಗು ತುಂಬಿಸುತ್ತಿದ್ದಳು.

"ಇನ್ನು ನಾನು ಬರುದಿಲ್ಲ. ಕಾಲು ಆಗುದಿಲ್ಲ" ಎಂದೆ.

"ಸರಿ ಉಮ್ಮ."

ಅಷ್ಟೇ. ಪೊಟ್ಟಣ ಕೊಟ್ಟೆ. ಅದನ್ನು ಹಾಕಲು ಬ್ಯಾಗಿನ ಬದಿ ತೆರೆದಳು. ಒಳಗೆ ಒಂದು ಕರಿ ಬಟ್ಟೆ ಕಂಡಿತು. ಎಳೆದು ನೋಡಿದೆ. ಹರಿದುಹೋಗಿದ್ದ ನನ್ನ ಹಳೆಯ ಬುರ್ಖಾದ ತೋಳು. ಒಂದು ತುದಿಗೆ ಲೆನ್ಸಿನ ಅಳತೆಗೆ ಇಲಾಸ್ಟಿಕ್, ಬೆಳಕಿಗೆ ಅಡ್ಡ ನಿಲ್ಲುವ ಹಾಗೆ ಒಳಗೆ ಬಗ್ಗುವ ತಂತಿ. ಹೊಲಿಗೆ ಚೊಕ್ಕವಾಗಿತ್ತು.

"ಇದು ಯಾವಾಗ ಹೊಲಿದದ್ದು?"

"ಹೋದ ವರ್ಷ."

"ಮತ್ತೆ ಇಷ್ಟು ದಿನ ನನ್ನನ್ನು ಯಾಕೆ ನಿಲ್ಲಿಸಿದ್ದು?"

"ಬೇಡ ಅಂತ ನಾನು ಹೇಗೆ ಹೇಳುದು? ನೀವೇ ಹೇಳ್ಲಿ ಅಂತ ಕಾಯ್ತಿದ್ದೆ."

ನನ್ನ ಮೊಣಕಾಲಿನ ಒಂದು ವರ್ಷ ಹಾಗೆ ಹೋಯಿತು. ಬೈಯಬಹುದಿತ್ತು, ಸುಸ್ತಾಗಿತ್ತು. ತೋಳನ್ನು ನಾನೇ ಮಡಚಿ ಬ್ಯಾಗಿಗೆ ಹಾಕಿದೆ. ಹೊಸ ಚಪ್ಪಲಿ ಕಳಚಿ, ಗೋಡೆಗೆ ಒರಗಿ ಕುಳಿತೆ. ನಾಳೆ ಆ ತೋಳೇ ನಿಲ್ಲಲಿ.