ಆಕಾಶದಾಗ ಸಿಕ್ಕೊಂಡವನ ಚ್ಯಾಷ್ಟಿ

ಆ ಸಿನಿಮಾದ ಹೆಸರು ನನಗ ನೆನಪಿಲ್ಲ. ಅದರಾಗ ಒಬ್ಬಾಂವ ಕೆಟ್ಟು ನಿಂತ ಆಕಾಶನೌಕೆಯೊಳಗ ಒಬ್ಬನ ಸಿಕ್ಕೊಂಡು ಭೂಮಿ ಸುತ್ತ ತಿರಗತಿದ್ದ. ಕೆಳಗ ಇಳಿಯೂ ದಾರಿ ಇರಲಿಲ್ಲ. ಅಷ್ಟರಾಗೂ ಚ್ಯಾಷ್ಟಿ ಮಾಡತಿದ್ದ. ಅವಗ ನಾ ಇವತ್ತಿಗೂ ಕೈ ಮುಗೀತೀನಿ, ಯಾಕಂದ್ರ ನಮ್ಮ ಅತ್ತಿಯನ್ನ ಉಳಿಸಿದಾಂವ ಅವನ.

ನಮ್ಮದು ಮಹಾರಾಷ್ಟ್ರದ ಸಾಂಗ್ಲಿ ಬಾಜೂಕಿನ ಮಾಧವನಗರದಾಗಿನ ಜೈನರ ಮನಿ. ಓಣಿಗೆ ಕೇಬಲ್ ವಾಯರು ಬಂದು ಮನಿಮನಿಯೊಳಗ ಹಗಲಿಡೀ ಟೀವಿ ಒದರೂ ಕಾಲ. ಆಗ ಅತ್ತಿಗೆ ಮಿರಜದ ದವಾಖಾನಿಯೊಳಗ ಹೊಟ್ಟಿ ಆಪರೇಶನ್ ಆತು. ಮನಿಗೆ ಕಳಸೂಮುಂದ ಡಾಕ್ಟರು, "ಒಮ್ಮೆಲೆ ಹೊಟ್ಟಿತುಂಬ ಉಣಿಸಬ್ಯಾಡ್ರಿ, ಸ್ವಲ್ಪ ಸ್ವಲ್ಪ ಕೊಡತಾ ಇರ್ರಿ. ಸಂಜಿಯಿಂದ ಮುಂಜಾನಿತನಕ ಖಾಲಿ ಬಿಟ್ಟರ ಈ ಜೀವ ತಡಿಯಂಗಿಲ್ಲ" ಅಂದ್ರು.

ಅಲ್ಲೇ ಗಂಟು ಬಿತ್ತು. ಹೊತ್ತು ಮುಳುಗಿದ ಮ್ಯಾಲ ಅತ್ತಿ ನೀರು ಸೈತ ಮುಟ್ಟತಿರಲಿಲ್ಲ. ಮದಿವಿಗಿಂತ ಮೊದಲ ಹಿಡಿದ ನೇಮ. ನಮ್ಮ ಯಜಮಾನ್ರು ಹೋಗಿ ಮುನಿ ಮಹಾರಾಜರನ್ನ ಕೇಳಿಕೊಂಡು ಬಂದ್ರು. ಬ್ಯಾನಿಯೊಳಗ ನೇಮ ಸಡಿಲ ಮಾಡಬಹುದು, ಆಮ್ಯಾಲ ಪ್ರಾಯಶ್ಚಿತ್ತ ತೊಗೊಂಡ್ರ ಆತು ಅಂತ ಅಪ್ಪಣಿ ಸಿಕ್ಕಿತು. ಅತ್ತಿ ಕೇಳಿ, "ಅವರು ಕರುಣಾಳು, ಹಂಗ ಅಂತಾರ. ನಾ ಯಾಕ ಬಿಡ್ಲಿ?" ಅಂದ್ರು. ತಾ ಹಿಡಿದ ಮೊಲಕ್ಕ ಮೂರ ಕಾಲು. ಮುಂಜಾನೆ ಎಬ್ಬಸಾಕ ಹೋದ್ರ ಮೈ ಬೆವತು ತಣ್ಣಗಾಗಿರತಿತ್ತು, ಕಣ್ಣು ತೆರಿಯಾಕ ತ್ರಾಣ ಇರತಿರಲಿಲ್ಲ. ಅತ್ತಿಗೊಂದ ಕಾಲ ಸೊಸಿಗೊಂದ ಕಾಲ ಅಂತಾರ. ಬೈಯೂ ಕಾಲ ನಂದು ಬಂದಿತ್ತು, ಬೈದೆ. ಬೈದ್ರ ಉಣ್ಣತಾರೇನು?

ಅಂಥಾದ್ದರಾಗ ಒಂದ ರವಿವಾರ ಸಂಜಿಗೆ ಆ ಸಿನಿಮಾ ಹತ್ತಿತು. ಪರದೇಶದ ಸಿನಿಮಾ, ಹಿಂದಿಗೆ ಡಬ್ ಮಾಡಿದ್ರು. ನನ್ನ ಮಗಳು ಅತ್ತಿ ಕಾಟಿನ ಬಾಜೂ ಕೂತು ಮರಾಠಿಯೊಳಗ ತಿಳಿಸಿ ಹೇಳೂದು, ಅವರು ಕನ್ನಡದಾಗ ಕೇಳೂದು ನಡದಿತ್ತು. ಆಕಾಶದಾಂವನ ಕೈಯಾಗಿನ ಚಮಚಾ ತೇಲಿ ಹೊಂಟಿತು. ಅಂವ ಅದಕ್ಕ ನಮಸ್ಕಾರ ಮಾಡಿ, "ನೀನರೆ ಮನಿ ಮುಟ್ಟು. ಆರಾಮ ಅದೇನಿ ಅಂತ ನಮ್ಮವ್ವಗ ಹೇಳು" ಅಂದ. ಅತ್ತಿ ಕಿಸಕ್ಕಂತ ನಕ್ಕರು.

"ಸುಳ್ಳ ಸಿನಿಮಾ. ಸಾಯೂ ಹೊತ್ತಿನ್ಯಾಗ ಯಾರರೆ ಚ್ಯಾಷ್ಟಿ ಮಾಡ್ತಾರೇನು?" ಅಂದ್ರು ಯಜಮಾನ್ರು.

"ನೀ ಹೆಂಗಸರ ವಾರ್ಡಿನ್ಯಾಗ ಮಲಗಿಲ್ಲಪಾ," ಅಂದ್ರು ಅತ್ತಿ. "ಬಾಜೂ ಕಾಟಿನ್ಯಾಗ ಲಿಂಗನೂರಾಕಿ ಇದ್ಲು. ನಾಳೆ ಆಪರೇಶನ್ ಅಂದ್ರ ಇವತ್ತ ನಮ್ಮನ್ನೆಲ್ಲಾ ನಗಿಸಿ ನಗಿಸಿ ಇಟ್ಟಳು. ಮಾರಿ ಜೋತ ಬಿಟಗೊಂಡು ಕುಂದ್ರವರು ನೋಡಾಕ ಬಂದವರು."

ಟೀವಿಯೊಳಗ ಭೂಮಿ ಅಂಚಿನಿಂದ ಸೂರ್ಯ ಹುಟ್ಟಿದ, ಸ್ವಲ್ಪ ಹೊತ್ತಿಗೆ ಮುಳುಗಿದ. ಇದೇನು ಅಂತ ಅತ್ತಿ ಕೇಳಿದ್ರು. ಅಲ್ಲಿ ಗಳಿಗೆಗೊಮ್ಮೆ ಹಗಲು, ಗಳಿಗೆಗೊಮ್ಮೆ ರಾತ್ರಿ ಅಂತ ಮಗಳು ಹೇಳಿದ್ಲು. ಅತ್ತಿ ವಿಚಾರ ಮಾಡಿ, "ಹಂಗಾರ ನಮ್ಮ ಮಂದಿ ಅಲ್ಲಿ ಹೋದ್ರ ಉಣ್ಣಾಕ ಕುಂದ್ರೂದು, ಕೈ ತೊಳಿಯೂದು, ಇದ ಆತು ದಿನಾಪೂರ್ತಿ" ಅಂತ ಹೊಲಿಗಿ ಹಾಕಿದ ಹೊಟ್ಟಿ ಒತ್ತಿ ಹಿಡದು ನಕ್ಕರು. ಹೊರಗ ಕತ್ತಲಾಗಿತ್ತು. ಟೀವಿಯೊಳಗ ಮತ್ತ ಬೆಳಕಾತು. ಅತ್ತಿ ನನ್ನ ಕಡೆ ಹೊಳ್ಳಿ, "ಅಲ್ಲಿ ಹೊತ್ತು ಹುಟ್ಟೇತಿ. ಗಂಜಿ ತಾ" ಅಂದ್ರು.

ಅವರಿಗೇನು ಹುಚ್ಚು ಹಿಡಿದಿರಲಿಲ್ಲ. ಅದು ಚ್ಯಾಷ್ಟಿ ಅಂತ ಅವರಿಗೂ ಗೊತ್ತು, ನಮಗೂ ಗೊತ್ತು. ನಾ ಅಡಗಿಮನಿಗೆ ಓಡಿದೆ. ಮೊಮ್ಮಗಳ ಕೈಲೆ ನಾಕ ಚಮಚಾ ಹೆಸರಬ್ಯಾಳಿ ಗಂಜಿ ಹೊಟ್ಟಿಗೆ ಹೋತು. ಅಷ್ಟರಾಗ ಕರೆಂಟ್ ಹೋತು, ಸಿನಿಮಾದ ಕಡೀ ಭಾಗ ನಾವ್ಯಾರೂ ನೋಡಲಿಲ್ಲ. ಅದೂ ಛಲೋನ ಆತು. ಮರುದಿನ ಸಂಜಿಗೆ ಅತ್ತಿ, "ಅಂವ ಇನ್ನೂ ಮ್ಯಾಲ ತಿರಗಾಕತ್ತಾನ. ಅವಗ ಹೊತ್ತು ಹುಟ್ಟೇತೇನು, ನೋಡಿ ಬಾ" ಅಂತ ಮೊಮ್ಮಗಳನ್ನ ಅಂಗಳಕ್ಕ ಕಳಿಸಿದ್ರು. ಆಕಿ ಓಡಿ ಹೋಗಿ ಬಂದು, "ಹುಟ್ಟೇತಿ, ಆಜಿ" ಅಂದ್ಲು. ದಿನಾ ಇದ ರೂಢಿ ಆತು. ಮುಂಜಾನೆ ಎದ್ದು ತಪ್ಪದ ಪ್ರಾಯಶ್ಚಿತ್ತದ ಜಪಕ್ಕ ಕುಂದರತಿದ್ರು. ಕುಂದ್ರೂವಷ್ಟು ತ್ರಾಣ ಬಂದಿತ್ತಲ್ಲ, ನನಗ ಅದ ದೊಡ್ಡದು.

ಒಂದ ಸಂಜಿ ಮಗಳು ಸಾಂಗ್ಲಿಯೊಳಗ ನನ್ನ ತಂಗಿ ಮನ್ಯಾಗ ಉಳದ್ಲು, ಯಜಮಾನ್ರು ಕೆಲಸದಿಂದ ಬಂದಿರಲಿಲ್ಲ. ಗಂಜಿ ಬಟ್ಟಲ ಹಿಡಕೊಂಡು ನಾ ಒಬ್ಬಾಕಿನ ನಿಂತೆ. ಹೊತ್ತು ಹುಟ್ಟೇತೇನು ನೋಡಿ ಬಾ ಅಂತ ಅತ್ತಿ ನನಗ ಅನ್ನಲಿಲ್ಲ. ಇಷ್ಟ ವರ್ಷದಾಗ ನಮ್ಮಿಬ್ಬರ ನಡುವ ಜಗಳ ಬೇಕಾದಷ್ಟು ಆಗಿತ್ತು, ಚ್ಯಾಷ್ಟಿ ಒಂದೂ ಆಗಿರಲಿಲ್ಲ. ಗ್ವಾಡಿ ಕಡೆ ಮಾರಿ ಮಾಡಿ ಮಲಗಿದ್ರು.

ಬಟ್ಟಲ ಕೆಳಗಿಟ್ಟು ಅಂಗಳಕ್ಕ ಹೋದೆ. ಮ್ಯಾಲ ನೋಡಿದೆ, ಬರೇ ಕತ್ತಲಿ. ಒಳಗ ಬಂದು, "ಹುಟ್ಟೇತ್ರಿ, ಅತ್ತಿ" ಅಂದೆ. ನನ್ನ ದನಿ ನನಗ ಹೊಸದನಿಸಿತು.

ಅವರು ಹೊಳ್ಳಿ ನನ್ನ ಮಾರಿ ನೋಡಿದ್ರು. "ಖರೇನ ನೋಡಿ ಬಂದ್ಯಾ?"

"ಕಣ್ಣಾರೆ ನೋಡೇನ್ರಿ."

"ಹಂಗಾರ ನೀನ ಕುಡಸು," ಅಂತ ಅತ್ತಿ ಬಾಯಿ ತೆರೆದ್ರು.